ಒಂಟಿ ಕೋಣೆಯಿಂದ ಬಂದ ಮಂತ್ರಿ ಜಾನ್ ವೀಟ್ಲಿ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಡವರ ಮನೆಗಳ ಬಾಗಿಲಿಗೆ ಪುಟ್ಟ ಲೋಹದ ಬಿಲ್ಲೆಯೊಂದನ್ನು ಜಡಿಯುವ ಪದ್ಧತಿ ಇತ್ತು. ಒಳಗಿನ ಜಾಗ ಎಷ್ಟು ಘನ ಅಡಿ, ಅಲ್ಲಿ ಎಷ್ಟು ಮಂದಿ ಮಲಗಬಹುದು ಎಂಬ ಎರಡು ಸಂಖ್ಯೆಗಳು ಅದರ ಮೇಲಿರುತ್ತಿದ್ದವು. ನಡುರಾತ್ರಿ ಕಳೆದ ಮೇಲೆ ನಗರಾಡಳಿತದ ಇನ್ಸ್‌ಪೆಕ್ಟರುಗಳು ಬಾಗಿಲು ತಟ್ಟಿ ತಲೆ ಎಣಿಸುತ್ತಿದ್ದರು. ಲೆಕ್ಕಕ್ಕಿಂತ ಹೆಚ್ಚಿದ್ದವರು ಕಪಾಟಿನೊಳಗೆ, ಮಂಚದಡಿಯಲ್ಲಿ, ಕೆಲವೊಮ್ಮೆ ಮಾಡಿನ ಮೇಲೆ ಅಡಗಿ ಕುಳಿತಿರುತ್ತಿದ್ದರು. ಸಿಕ್ಕಿಬಿದ್ದರೆ ದಂಡ. 1862ರ ಕಾಯಿದೆಯೊಂದರಿಂದ ಆರಂಭವಾದ ಈ ವ್ಯವಸ್ಥೆಯ ಉದ್ದೇಶ ಸಾಂಕ್ರಾಮಿಕ ರೋಗಗಳ ತಡೆ. ಹೆಚ್ಚುವರಿ ಜನ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಮಾತ್ರ ಆ ಕಾಯಿದೆಯಲ್ಲಿ ಉತ್ತರವಿರಲಿಲ್ಲ.

ಆ ಉತ್ತರವನ್ನು ಹುಡುಕುತ್ತ ಬದುಕು ಸವೆಸಿದ ಜಾನ್ ವೀಟ್ಲಿ ಅಂಥದೇ ಒಂದು ಕೋಣೆಯಲ್ಲಿ ಬೆಳೆದವರು. 1924ರಲ್ಲಿ ಬ್ರಿಟನ್ನಿನ ಪ್ರಥಮ ಲೇಬರ್ ಸರ್ಕಾರದಲ್ಲಿ ಆರೋಗ್ಯ ಮಂತ್ರಿಯಾಗಿದ್ದ ಅವರ ಅಧಿಕಾರಾವಧಿ ಹತ್ತು ತಿಂಗಳಿಗೂ ಕಡಿಮೆ. ವಸತಿ ಖಾತೆಯೂ ಆಗ ಆರೋಗ್ಯ ಇಲಾಖೆಯ ಅಡಿಯಲ್ಲೇ ಇತ್ತು. ಆ ಅಲ್ಪಾವಧಿಯಲ್ಲಿ ಅವರು ರೂಪಿಸಿದ ಕಾಯಿದೆಯ ಬಲದಿಂದ ಸ್ಥಳೀಯ ಆಡಳಿತಗಳು 5 ಲಕ್ಷಕ್ಕೂ ಹೆಚ್ಚು ಬಾಡಿಗೆ ಮನೆಗಳನ್ನು ಕಟ್ಟಿದವು. ಹತ್ತಾರು ವರ್ಷ ಆಳಿದವರೂ ಇಷ್ಟು ಗಟ್ಟಿಯಾದ ಗುರುತನ್ನು ಬಿಟ್ಟುಹೋಗುವುದು ಅಪರೂಪ.

ವೀಟ್ಲಿ ಹುಟ್ಟಿದ್ದು 1869ರ ಮೇ 19ರಂದು, ಐರ್ಲೆಂಡಿನ ವಾಟರ್‌ಫರ್ಡ್ ಪ್ರಾಂತದ ಬಾನ್‌ಮಹನ್ ಎಂಬ ಊರಿನಲ್ಲಿ. ತಂದೆ ಕೂಲಿ ಕಾರ್ಮಿಕ. 1876ರಲ್ಲಿ ಕುಟುಂಬ ಹೊಟ್ಟೆಪಾಡಿಗಾಗಿ ಸ್ಕಾಟ್ಲೆಂಡಿನ ಲ್ಯಾನರ್ಕ್‌ಷೈರ್‌ನ ಗಣಿ ಸೀಮೆಗೆ ವಲಸೆ ಬಂತು. ಗಣಿಗಾರರ ಸಾಲುಮನೆಗಳಲ್ಲಿ ಒಂದು ಕೋಣೆ ಅವರ ಪಾಲಿಗೆ ದೊರೆಯಿತು. ನೀರಿನ ನಲ್ಲಿ ಇಲ್ಲ, ಚರಂಡಿ ಇಲ್ಲ. ಅಡುಗೆ, ಊಟ, ನಿದ್ರೆ, ಹೆರಿಗೆ, ಕಾಯಿಲೆ, ಸಾವು ಎಲ್ಲವೂ ಆ ನಾಲ್ಕು ಗೋಡೆಗಳ ನಡುವೆಯೇ ನಡೆಯಬೇಕಿತ್ತು. ಬಾಲ್ಯದಲ್ಲೇ ಶಾಲೆ ಬಿಟ್ಟು ಗಣಿಗಿಳಿದ ಜಾನ್, ಹತ್ತು ವರ್ಷಕ್ಕೂ ಮೀರಿ ಕಲ್ಲಿದ್ದಲು ಅಗೆದರು. ಸಂಜೆ ತರಗತಿಗಳಿಗೆ ಹೋಗಿ ಓದನ್ನು ಮುಂದುವರಿಸಿದರು.

ಗಣಿಯಿಂದ ಹೊರಬಂದ ಮೇಲಿನ ವರ್ಷಗಳನ್ನು ಬೇಗ ಹೇಳಿ ಮುಗಿಸಬಹುದು. ಸೋದರನೊಡನೆ ದಿನಸಿ ಅಂಗಡಿ ನಡೆಸಿದರು, ಅದು ಕೈಹಿಡಿಯಲಿಲ್ಲ. ಕ್ಯಾಥೊಲಿಕ್ ಪತ್ರಿಕೆಯೊಂದಕ್ಕೆ ಜಾಹೀರಾತು ತರುವ, ವರದಿ ಬರೆಯುವ ಕೆಲಸ ಮಾಡಿದರು. ಬಳಿಕ ಮುದ್ರಣಾಲಯ ಆರಂಭಿಸಿದರು. ಅದು ಚೆನ್ನಾಗಿ ನಡೆದು, ಮಧ್ಯವಯಸ್ಸಿನ ಹೊತ್ತಿಗೆ ಅವರು ಅನುಕೂಲಸ್ಥರೇ ಆದರು. ಕಾರ್ಮಿಕರ ನಾಯಕನೊಬ್ಬ ಯಶಸ್ವಿ ವ್ಯಾಪಾರಿಯೂ ಆಗಿದ್ದದ್ದು ವಿರೋಧಿಗಳಿಗೆ ಕೊನೆಯವರೆಗೂ ಚುಚ್ಚುಮಾತಿನ ವಸ್ತುವಾಗಿತ್ತು. ಆದರೆ ಬಡ್ಡಿ, ಅಸಲು, ಸವಕಳಿ, ಲಾಭಗಳ ಲೆಕ್ಕವನ್ನು ಸ್ವಂತ ವ್ಯವಹಾರದಲ್ಲಿ ಕಲಿತಿದ್ದೇ ಮುಂದೆ ಅವರಿಗೆ ಆಸ್ತಿಯಾಯಿತು ಎಂಬುದನ್ನು ಆ ಚುಚ್ಚುಮಾತಿನವರು ಗಮನಿಸಲಿಲ್ಲ.

ಧರ್ಮದಲ್ಲಿ ಅವರು ನಿಷ್ಠಾವಂತ ಕ್ಯಾಥೊಲಿಕರು, ರಾಜಕೀಯದಲ್ಲಿ ಸಮಾಜವಾದಿ. ಇವೆರಡೂ ಒಂದೇ ಎದೆಯಲ್ಲಿ ಇರಬಾರದೆಂದು ಅಂದಿನ ಪಾದ್ರಿಗಳು ಸಾರುತ್ತಿದ್ದ ಕಾಲವದು. ವೀಟ್ಲಿ 1906ರಲ್ಲಿ ಕ್ಯಾಥೊಲಿಕ್ ಸಮಾಜವಾದಿ ಸಂಘವನ್ನೇ ಸ್ಥಾಪಿಸಿದರು. 1912ರಲ್ಲಿ ಗ್ಲಾಸ್ಗೋದ ಶೆಟಲ್‌ಸ್ಟನ್ ಬಡಾವಣೆಯ ಅವರ ಮನೆಯೆದುರು ಅವರದೇ ಮತಬಾಂಧವರು ಅವರ ಪ್ರತಿಕೃತಿಯನ್ನು ದಹಿಸಿದರು. ವೀಟ್ಲಿ ಚರ್ಚನ್ನೂ ಬಿಡಲಿಲ್ಲ, ಸಂಘವನ್ನೂ ಬಿಡಲಿಲ್ಲ.

ಅಷ್ಟರಲ್ಲಿ ಅವರು ಸ್ಥಳೀಯ ಆಡಳಿತದೊಳಗೆ ಕಾಲಿಟ್ಟಾಗಿತ್ತು. 1910ರಲ್ಲಿ ಲ್ಯಾನರ್ಕ್‌ಷೈರ್ ಜಿಲ್ಲಾ ಕೌನ್ಸಿಲಿಗೆ ಆಯ್ಕೆಯಾದರು. 1912ರಲ್ಲಿ ಶೆಟಲ್‌ಸ್ಟನ್ ಗ್ಲಾಸ್ಗೋ ನಗರಕ್ಕೆ ಸೇರ್ಪಡೆಯಾದಾಗ ಗ್ಲಾಸ್ಗೋ ಕಾರ್ಪೊರೇಷನ್ನಿನ ಸದಸ್ಯರಾದರು.

ಅಂದಿನ ಗ್ಲಾಸ್ಗೋವನ್ನು ತುಸು ವಿವರಿಸಬೇಕು. ಹಡಗು, ರೈಲು ಎಂಜಿನ್, ಉಕ್ಕು ಇವುಗಳಿಂದ ಸಿರಿವಂತವಾದ ನಗರ. ಕಾರ್ಮಿಕರು ವಾಸಿಸುತ್ತಿದ್ದುದು ಮೂರು ನಾಲ್ಕು ಅಂತಸ್ತಿನ ಕಲ್ಲಿನ ವಠಾರಗಳಲ್ಲಿ. ಹೊರಗಿನಿಂದ ನೋಡಿದರೆ ಭದ್ರವಾದ ಕಟ್ಟಡ. ಒಳಗೆ ಒಂದೊಂದು ಕುಟುಂಬಕ್ಕೆ ಒಂದು ಅಥವಾ ಎರಡು ಕೋಣೆ. ಗೋಡೆಯ ಗೂಡಿನಲ್ಲೇ ಮಂಚ, ಮೆಟ್ಟಿಲ ತಿರುವಿನಲ್ಲಿ ಹಲವು ಮನೆಗಳಿಗೆ ಸೇರಿ ಒಂದು ಶೌಚಾಲಯ. 1911ರ ಜನಗಣತಿಯ ಪ್ರಕಾರ ನಗರದ ಹತ್ತರಲ್ಲಿ ಆರಕ್ಕಿಂತ ಹೆಚ್ಚು ಮಂದಿ ಒಂದು ಅಥವಾ ಎರಡು ಕೋಣೆಗಳ ಮನೆಗಳಲ್ಲಿ ಬದುಕುತ್ತಿದ್ದರು. ಮನೆಯ ಒಡೆಯ ಬಾಡಿಗೆದಾರರ ಕಣ್ಣಿಗೆ ಬೀಳುತ್ತಿದ್ದುದೇ ಕಡಿಮೆ. ಬಾಡಿಗೆ ವಸೂಲಿ ಮಾಡುವವನು, ತಪ್ಪಿದರೆ ಸಾಮಾನು ಬೀದಿಗೆ ಹಾಕಿಸುವವನು ಫ್ಯಾಕ್ಟರ್ ಎಂಬ ಏಜೆಂಟ್.

ಇದೇ ನಗರದ ಕಾರ್ಪೊರೇಷನ್ ಬೇರೆ ವಿಷಯಗಳಲ್ಲಿ ಯೂರೋಪಿಗೇ ಮಾದರಿಯಾಗಿತ್ತು. 1859ರಷ್ಟು ಹಿಂದೆಯೇ ಕ್ಯಾಟ್ರಿನ್ ಸರೋವರದ ನೀರು ನಗರಕ್ಕೆ ಹರಿದುಬಂದಿತ್ತು. ಗ್ಯಾಸ್ ಸರಬರಾಜು ಕಾರ್ಪೊರೇಷನ್ನಿನದು. 1894ರಿಂದ ಟ್ರಾಮುಗಳೂ ಅದರವೇ, ಅವು ಲಾಭದಲ್ಲಿದ್ದವು. ಪ್ರಜೆಗೆ ನೀರು, ಬೆಳಕು, ಸಾರಿಗೆ ಒದಗಿಸಬಲ್ಲ ಆಡಳಿತಕ್ಕೆ ಮನೆ ಒದಗಿಸುವುದು ಮಾತ್ರ ಏಕೆ ಅಸಾಧ್ಯ ಎಂಬುದು ವೀಟ್ಲಿಯವರ ಪ್ರಶ್ನೆ. 1913ರಲ್ಲಿ ಅವರು ಪುಸ್ತಿಕೆಯೊಂದನ್ನು ಅಚ್ಚುಹಾಕಿಸಿ ಹಂಚಿದರು. ವರ್ಷಕ್ಕೆ 8 ಪೌಂಡ್ ಬಾಡಿಗೆಯ ಮನೆಗಳು ಎಂಬುದು ಅದರ ವಿಷಯ. ವಾರಕ್ಕೆ ಲೆಕ್ಕ ಹಾಕಿದರೆ ಮೂರು ಶಿಲ್ಲಿಂಗಿಗೆ ತುಸು ಹೆಚ್ಚು.

ಅದರ ತರ್ಕ ಸರಳವಾಗಿತ್ತು. ಬಡವನು ಕೊಡುವ ಬಾಡಿಗೆಯ ದೊಡ್ಡ ಪಾಲು ಇಟ್ಟಿಗೆಗೂ ಹೋಗುವುದಿಲ್ಲ, ಗಾರೆ ಕೆಲಸದವನಿಗೂ ಹೋಗುವುದಿಲ್ಲ, ಮನೆ ಕಟ್ಟಲು ತಂದ ಸಾಲದ ಬಡ್ಡಿಗೆ ಹೋಗುತ್ತದೆ. ಟ್ರಾಮುಗಳ ಮಿಗತೆ ಹಣವನ್ನು ಬಡ್ಡಿಯ ಹೊರೆಯಿಲ್ಲದೆ ಮನೆ ಕಟ್ಟಲು ಬಳಸಿದರೆ ಕೈತೋಟವಿರುವ ಮನೆಯನ್ನು ವಠಾರದ ಕೋಣೆಯ ಬಾಡಿಗೆಗೇ ಕೊಡಬಹುದು. ಕಾರ್ಪೊರೇಷನ್ ಈ ಯೋಜನೆಯನ್ನು ಒಪ್ಪಲಿಲ್ಲ. ಆದರೆ ಟ್ರಾಮಿನಲ್ಲಿ ದಿನವೂ ಓಡಾಡುವ ಕಾರ್ಮಿಕನಿಗೆ ಅದು ಚೆನ್ನಾಗಿ ಅರ್ಥವಾಯಿತು. ವಸತಿಯ ಮಾತು ಅಲ್ಲಿಯವರೆಗೆ ದಾನಧರ್ಮದ ಮಾತಾಗಿತ್ತು, ಇಲ್ಲವೇ ರೋಗ ತಡೆಯುವ ಮಾತಾಗಿತ್ತು. ವೀಟ್ಲಿ ಅದನ್ನು ಲೆಕ್ಕದ ಪುಸ್ತಕಕ್ಕೆ ತಂದರು.

ಮರುವರ್ಷ ಮಹಾಯುದ್ಧ ಆರಂಭವಾಯಿತು. ಕ್ಲೈಡ್ ನದಿಯ ದಂಡೆಯ ಹಡಗುಕಟ್ಟೆಗಳಿಗೂ ಮದ್ದುಗುಂಡಿನ ಕಾರ್ಖಾನೆಗಳಿಗೂ ಸಾವಿರಾರು ಕಾರ್ಮಿಕರು ಬಂದಿಳಿದರು. ಹೊಸ ಮನೆಗಳ ನಿರ್ಮಾಣ ನಿಂತಿತ್ತು. ಬೇಡಿಕೆ ನೋಡಿದ ಒಡೆಯರು ಬಾಡಿಗೆ ಏರಿಸಿದರು. ಗಂಡಸರು ರಣರಂಗದಲ್ಲಿ ಅಥವಾ ಕಾರ್ಖಾನೆಯಲ್ಲಿ, ಬಾಡಿಗೆಯವನಿಗೆ ಬಾಗಿಲು ತೆರೆಯಬೇಕಾದವರು ಹೆಂಗಸರು. 1915ರಲ್ಲಿ ಗೋವನ್ ಪ್ರದೇಶದ ಮೇರಿ ಬಾರ್ಬರ್ ಮೊದಲಾದವರ ನೇತೃತ್ವದಲ್ಲಿ ಹೆಂಗಸರು ಏರಿಸಿದ ಬಾಡಿಗೆಯನ್ನು ಕೊಡುವುದಿಲ್ಲವೆಂದು ನಿಂತರು. ಮನೆ ಬಿಡಿಸಲು ಅಧಿಕಾರಿ ಬಂದನೆಂದರೆ ಗಂಟೆ ಬಾರಿಸಿ ಇಡೀ ಬೀದಿಯನ್ನು ಕರೆಯುವುದು, ಮೆಟ್ಟಿಲಿಗೆ ಅಡ್ಡ ನಿಲ್ಲುವುದು, ಹಿಟ್ಟಿನ ಪೊಟ್ಟಣಗಳನ್ನು ಅವನ ಮೇಲೆ ಎಸೆಯುವುದು ಅವರ ಹೋರಾಟದ ಕ್ರಮ. ಶೆಟಲ್‌ಸ್ಟನ್ನಿನಲ್ಲಿ ಫ್ರಾನ್ಸಿನ ರಣರಂಗಕ್ಕೆ ಹೋಗಿದ್ದ ಸೈನಿಕನೊಬ್ಬನ ಕುಟುಂಬವನ್ನು ಬಾಡಿಗೆ ಬಾಕಿಗಾಗಿ ಹೊರಹಾಕಲು ಮುಂದಾದಾಗ ಜನರನ್ನು ಸೇರಿಸಿ ತಡೆದವರಲ್ಲಿ ವೀಟ್ಲಿ ಮುಂದಿದ್ದರು. ಆದರೂ ಆ ಹೋರಾಟದ ಶ್ರೇಯಸ್ಸನ್ನು ಅವರಿಗೇ ಕಟ್ಟುವುದು ಸರಿಯಲ್ಲ. ಬೀದಿಯಲ್ಲಿ ನಿಂತವರು ಹೆಂಗಸರು, ಅದಕ್ಕೆ ಕೌನ್ಸಿಲಿನೊಳಗೆ ದನಿಯಾದವರು ವೀಟ್ಲಿ.

ವರ್ಷದ ಕೊನೆಯ ಹೊತ್ತಿಗೆ ಮುಷ್ಕರದಲ್ಲಿ 20 ಸಾವಿರಕ್ಕೂ ಹೆಚ್ಚು ಬಾಡಿಗೆದಾರರಿದ್ದರು. ನವೆಂಬರ್ 17ರಂದು ಹದಿನೆಂಟು ಮಂದಿ ಕಾರ್ಮಿಕರನ್ನು ಬಾಡಿಗೆ ಬಾಕಿಗಾಗಿ ನ್ಯಾಯಾಲಯಕ್ಕೆ ಎಳೆದಾಗ ಹಡಗುಕಟ್ಟೆಗಳ ಕಾರ್ಮಿಕರು ಕೆಲಸ ನಿಲ್ಲಿಸಿ ಬಂದು ನ್ಯಾಯಾಲಯದ ಮುಂದೆ ನೆರೆದರು. ಮೊಕದ್ದಮೆ ಕೈಬಿಡಲಾಯಿತು. ಡಿಸೆಂಬರಿನಲ್ಲಿ ಸಂಸತ್ತು ಬಾಡಿಗೆಯನ್ನೂ ಅಡಮಾನದ ಬಡ್ಡಿಯನ್ನೂ ಯುದ್ಧಪೂರ್ವದ ಮಟ್ಟಕ್ಕೆ ಕಟ್ಟಿಹಾಕುವ ಕಾಯಿದೆಯನ್ನು ಅಂಗೀಕರಿಸಿತು.

ಬಾಡಿಗೆ ನಿಯಂತ್ರಣ ಇದ್ದ ಮನೆಗಳನ್ನು ಉಳಿಸಬಲ್ಲದು, ಹೊಸ ಮನೆ ಕಟ್ಟಲಾರದು. ಯುದ್ಧ ಮುಗಿದಾಗ ಕಟ್ಟಡ ಸಾಮಗ್ರಿಯ ಬೆಲೆ, ಕೂಲಿ, ಬಡ್ಡಿ ಎಲ್ಲವೂ ಏರಿದ್ದವು. ಬಾಡಿಗೆಗೆಂದು ಮನೆ ಕಟ್ಟುವ ಖಾಸಗಿ ಬಂಡವಾಳ ಹಿಂದೆ ಸರಿದಿತ್ತು. ನಿಯಂತ್ರಣವೇ ಇದಕ್ಕೆ ಕಾರಣವೆಂದು ಒಡೆಯರ ವಾದ. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ವೀಟ್ಲಿ ಆ ವಾದವನ್ನು ತಿರುಗಿಸಿ ಹಿಡಿದರು. ಖಾಸಗಿಯವರು ಬಡವನಿಗೆ ಎಟುಕುವ ಬಾಡಿಗೆಗೆ ಮನೆ ಕಟ್ಟಲಾರರೆಂದು ಅವರೇ ಒಪ್ಪಿಕೊಂಡ ಮೇಲೆ ಕಟ್ಟುವ ಹೊಣೆ ಸ್ಥಳೀಯ ಆಡಳಿತದ್ದು ಎಂಬುದು ಅವರ ನಿಲುವು.

1922ರ ಮಹಾಚುನಾವಣೆಯಲ್ಲಿ ಗ್ಲಾಸ್ಗೋದ 15 ಸ್ಥಾನಗಳಲ್ಲಿ 10 ಲೇಬರ್ ಪಕ್ಷಕ್ಕೆ ಬಂದವು. ಶೆಟಲ್‌ಸ್ಟನ್ನಿನಿಂದ ಗೆದ್ದ ವೀಟ್ಲಿ ಐವತ್ತಮೂರನೆಯ ವಯಸ್ಸಿನಲ್ಲಿ ಲಂಡನ್ನಿಗೆ ಹೊರಟರು. ಕುಳ್ಳ, ದಪ್ಪ ಮೈಕಟ್ಟು, ದಪ್ಪ ಗಾಜಿನ ಕನ್ನಡಕ. ಭಾಷಣದಲ್ಲಿ ಅಬ್ಬರವಿಲ್ಲ. 1923ರ ಜೂನ್‌ನಲ್ಲಿ ಸ್ಕಾಟ್ಲೆಂಡಿನ ತಾಯಿ ಮಕ್ಕಳ ಆರೋಗ್ಯದ ಅನುದಾನಕ್ಕೆ ಕತ್ತರಿ ಹಾಕಿದವರನ್ನು ಕೊಲೆಗಾರರೆಂದು ಕರೆದ ಜೇಮ್ಸ್ ಮ್ಯಾಕ್ಸ್‌ಟನ್ನರ ಮಾತನ್ನು ಹಿಂತೆಗೆಯಲು ಒಪ್ಪದೆ, ತಾವೂ ಅದನ್ನೇ ಪುನರುಚ್ಚರಿಸಿ ಸದನದಿಂದ ಅಮಾನತುಗೊಂಡ ನಾಲ್ವರಲ್ಲಿ ಅವರೊಬ್ಬರು. ಏಳು ತಿಂಗಳ ನಂತರ ಅದೇ ಸದನದಲ್ಲಿ ಮಂತ್ರಿಯಾಗಿ ಕುಳಿತರು. ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡ್ ಅವರದು ಬಹುಮತವಿಲ್ಲದ ಸರ್ಕಾರ. ಲಿಬರಲ್ ಪಕ್ಷದ ಬೆಂಬಲವಿಲ್ಲದೆ ಒಂದು ಮಸೂದೆಯೂ ಮುಂದೆ ಹೋಗುವಂತಿರಲಿಲ್ಲ.

ಅವರ ಮುಂದೆ ಎರಡು ಹಳೆಯ ಕಾಯಿದೆಗಳ ಪಾಠವಿತ್ತು. 1919ರಲ್ಲಿ ಕ್ರಿಸ್ಟಫರ್ ಆಡಿಸನ್ ತಂದ ಕಾಯಿದೆ ಕೌನ್ಸಿಲುಗಳಿಗೆ ಮನೆ ಕಟ್ಟುವ ಹೊಣೆ ಹೊರಿಸಿ, ನಷ್ಟದ ಬಹುಪಾಲನ್ನು ಖಜಾನೆಯಿಂದ ತುಂಬಿಕೊಡುವ ಮಾತು ಕೊಟ್ಟಿತ್ತು. ಎಲ್ಲ ಕೌನ್ಸಿಲುಗಳೂ ಏಕಕಾಲಕ್ಕೆ ಗುತ್ತಿಗೆ ಕರೆದವು, ಸಾಮಗ್ರಿಯೂ ಕೆಲಸಗಾರರೂ ಸಾಲದೆ ಬೆಲೆ ಆಕಾಶಕ್ಕೇರಿತು, 1921ರಲ್ಲಿ ಖಜಾನೆ ಕೈಚೆಲ್ಲಿತು. 1923ರಲ್ಲಿ ನೆವಿಲ್ ಚೇಂಬರ್ಲೇನ್ ತಂದ ಕಾಯಿದೆ ಮನೆಯೊಂದಕ್ಕೆ ವರ್ಷಕ್ಕೆ 6 ಪೌಂಡಿನಂತೆ 20 ವರ್ಷ ಸಹಾಯಧನ ನಿಗದಿಪಡಿಸಿತು. ಅದರ ಲಾಭ ಹೆಚ್ಚಾಗಿ ಮಾರಾಟಕ್ಕೆ ಮನೆ ಕಟ್ಟುವ ಖಾಸಗಿಯವರಿಗೆ ಹೋಯಿತು.

ವೀಟ್ಲಿ ಮೊದಲು ಕರೆದು ಕೂರಿಸಿದ್ದು ಕಟ್ಟಡ ಗುತ್ತಿಗೆದಾರರನ್ನೂ ಕಾರ್ಮಿಕ ಸಂಘಗಳನ್ನೂ. ಅವರ ವಸತಿ ನೀತಿಯ ಜಾಣ್ಮೆ ಇರುವುದು ಇಲ್ಲಿ. ಗಾರೆ ಕೆಲಸದವರ ಸಂಘಗಳು ಹೊಸಬರನ್ನು ಕಸುಬಿಗೆ ಸೇರಿಸಿಕೊಳ್ಳಲು ಒಪ್ಪುತ್ತಿರಲಿಲ್ಲ. ಕಾರಣ ಹಟವಲ್ಲ, ಅನುಭವ. ಇಂದು ಕೈತುಂಬ ಕೆಲಸ, ಎರಡು ವರ್ಷದ ಬಳಿಕ ಸರ್ಕಾರ ಬದಲಾಗಿ ನಿರುದ್ಯೋಗ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಹಾಗಾಗಿ ವೀಟ್ಲಿ ಹದಿನೈದು ವರ್ಷಗಳ ಯೋಜನೆಯನ್ನು ಮುಂದಿಟ್ಟರು. ಮೊದಲ ವರ್ಷಗಳಲ್ಲಿ ಕಡಿಮೆ, ಬರಬರುತ್ತ ಹೆಚ್ಚು, ಒಟ್ಟು 25 ಲಕ್ಷ ಮನೆಗಳ ಗುರಿ. ಅಷ್ಟು ವರ್ಷ ಕೆಲಸದ ಭರವಸೆ ಸಿಕ್ಕ ಮೇಲೆ ಸಂಘಗಳು ಕಲಿಕೆಯ ಹುಡುಗರನ್ನು ಹೆಚ್ಚು ಸಂಖ್ಯೆಯಲ್ಲಿ ಸೇರಿಸಿಕೊಳ್ಳಲು ಒಪ್ಪಿದವು.

ಎರಡನೆಯದು ಹಣ. 1924ರ ಆಗಸ್ಟಿನಲ್ಲಿ ಅಂಗೀಕಾರವಾದ ಅವರ ಕಾಯಿದೆ ಮನೆಯೊಂದಕ್ಕೆ ವರ್ಷಕ್ಕೆ 9 ಪೌಂಡ್, ಕೃಷಿ ಪ್ರದೇಶದ ಹಳ್ಳಿಗಳಲ್ಲಿ 12 ಪೌಂಡ್ 10 ಶಿಲ್ಲಿಂಗ್, 40 ವರ್ಷ ಕಾಲ ಕೊಡುವುದೆಂದು ನಿಗದಿಪಡಿಸಿತು. ಚೇಂಬರ್ಲೇನರ ಸಹಾಯಧನ ಒಟ್ಟು 120 ಪೌಂಡ್ ಆದರೆ ಇದು 360 ಪೌಂಡ್. ಕೌನ್ಸಿಲ್ ತನ್ನ ಕಂದಾಯದಿಂದ ಇನ್ನೂ 4 ಪೌಂಡ್ 10 ಶಿಲ್ಲಿಂಗ್ ಸೇರಿಸಬೇಕಿತ್ತು. ಪ್ರತಿಯಾಗಿ ಮನೆಗಳನ್ನು ಬಾಡಿಗೆಗೇ ಕೊಡಬೇಕು, ಬಾಡಿಗೆ ಸರಾಸರಿಯಲ್ಲಿ ಅಂಥದೇ ಯುದ್ಧಪೂರ್ವದ ಮನೆಗಳ ಬಾಡಿಗೆಯನ್ನು ಮೀರಬಾರದು. ಸ್ನಾನದ ತೊಟ್ಟಿ ಅಡುಗೆಮನೆಯ ಮೂಲೆಯಲ್ಲಿದ್ದರೆ ಸಾಲದು, ಪ್ರತ್ಯೇಕ ಬಚ್ಚಲುಮನೆ ಇರಬೇಕು.

ಬಡ್ಡಿಯ ಕುರಿತ 1913ರ ತರ್ಕ ಇದರೊಳಗೆ ಎಲ್ಲಿದೆ ಎಂಬುದನ್ನು ತಿಳಿಯಲು ಸಣ್ಣ ಲೆಕ್ಕ ಮಾಡಬಹುದು. ಒಂದು ಮನೆಗೆ 500 ಪೌಂಡ್ ತಗಲುತ್ತದೆ, ಕೌನ್ಸಿಲ್ ಅದನ್ನು ಶೇ. 5ರ ಬಡ್ಡಿಗೆ ಸಾಲ ತರುತ್ತದೆ ಎಂದಿಟ್ಟುಕೊಳ್ಳೋಣ. ಬಡ್ಡಿಯೇ ವರ್ಷಕ್ಕೆ 25 ಪೌಂಡ್, ವಾರಕ್ಕೆ ಒಂಬತ್ತೂವರೆ ಶಿಲ್ಲಿಂಗಿಗೂ ಹೆಚ್ಚು. ಅಸಲು, ರಿಪೇರಿ, ತೆರಿಗೆ ಬೇರೆ. ಎರಡೂ ಸಹಾಯಧನ ಸೇರಿದರೆ 13 ಪೌಂಡ್ 10 ಶಿಲ್ಲಿಂಗ್, ಅಂದರೆ ವಾರಕ್ಕೆ ಐದು ಶಿಲ್ಲಿಂಗಿಗೆ ತುಸು ಹೆಚ್ಚು. ಬಡ್ಡಿಯ ಅರ್ಧಕ್ಕಿಂತ ಹೆಚ್ಚಿನ ಭಾರ ಬಾಡಿಗೆದಾರನ ಹೆಗಲಿನಿಂದ ಇಳಿಯಿತು. ಪೂರ್ತಿ ಇಳಿಯಲಿಲ್ಲ ಎಂಬುದನ್ನೂ ಗಮನಿಸಬೇಕು. ಇದು ಸಮಾಜವಾದವಲ್ಲ, ಇದ್ದ ವ್ಯವಸ್ಥೆಗೇ ಹಾಕಿದ ತೇಪೆ ಎಂದು ವೀಟ್ಲಿ ಸದನದಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದರು. ಸಾಮಗ್ರಿಗಳ ಬೆಲೆಯನ್ನು ಹತೋಟಿಗೆ ತರುವ ಅವರ ಇನ್ನೊಂದು ಮಸೂದೆ ಕಾಯಿದೆಯಾಗಲೇ ಇಲ್ಲ.

ಅದೇ ವರ್ಷ ಅವರು ಕೈಗೊಂಡ ಇನ್ನೊಂದು ನಿರ್ಧಾರವನ್ನು ಅವರ ಅಭಿಮಾನಿಗಳು ಸಾಮಾನ್ಯವಾಗಿ ತೇಲಿಸಿಬಿಡುತ್ತಾರೆ. ಸರ್ಕಾರಿ ತಾಯಿ ಮಕ್ಕಳ ಕೇಂದ್ರಗಳಲ್ಲಿ ಸಂತಾನ ನಿಯಂತ್ರಣದ ಸಲಹೆ ಕೊಡಲು ಅನುಮತಿ ನೀಡಬೇಕೆಂದು ಡೋರಾ ರಸೆಲ್, ಲೇಖಕ ಎಚ್. ಜಿ. ವೆಲ್ಸ್ ಮೊದಲಾದವರ ನಿಯೋಗ ಮೇ ತಿಂಗಳಲ್ಲಿ ಅವರನ್ನು ಭೇಟಿಯಾಯಿತು. ವೀಟ್ಲಿ ನಿರಾಕರಿಸಿದರು. ಒಂದೇ ಕೋಣೆಯಲ್ಲಿ ಮಗುವಿನ ಮೇಲೆ ಮಗು ಹೆತ್ತು ಸವೆದ ತಾಯಂದಿರನ್ನು ಅವರಷ್ಟು ಹತ್ತಿರದಿಂದ ಕಂಡ ಮಂತ್ರಿ ಆ ಸಂಪುಟದಲ್ಲಿ ವಿರಳ. ಈ ಒಂದು ವಿಷಯದಲ್ಲಿ ಧರ್ಮನಿಷ್ಠೆ ಅವರ ಕಣ್ಣನ್ನು ಮರೆಮಾಡಿತು ಎಂದೇ ಹೇಳಬೇಕಾಗುತ್ತದೆ. ಅವರದೇ ಪಕ್ಷದ ಕಾರ್ಮಿಕ ಹೆಂಗಸರು ಅದನ್ನು ಕ್ಷಮಿಸಲಿಲ್ಲ.

1924ರ ಅಕ್ಟೋಬರ್ ಚುನಾವಣೆಯಲ್ಲಿ ಸರ್ಕಾರ ಸೋತಿತು. ಆರೋಗ್ಯ ಮಂತ್ರಿಯ ಕುರ್ಚಿಗೆ ಚೇಂಬರ್ಲೇನ್ ಮರಳಿದರು. ಅವರು ವೀಟ್ಲಿಯವರ ಕಾಯಿದೆಯನ್ನು ರದ್ದುಪಡಿಸಲಿಲ್ಲ ಎಂಬುದೇ ಆ ಕಾಯಿದೆಗೆ ಸಂದ ದೊಡ್ಡ ಮನ್ನಣೆ. 1927ರಲ್ಲಿ ಸಹಾಯಧನವನ್ನು ಇಳಿಸಲಾಯಿತು, 1933ರಲ್ಲಿ ನಿಲ್ಲಿಸಲಾಯಿತು. ಅಷ್ಟರೊಳಗೆ ಇಂಗ್ಲೆಂಡ್ ಮತ್ತು ವೇಲ್ಸ್ ಎರಡರಲ್ಲೇ 5 ಲಕ್ಷಕ್ಕೂ ಹೆಚ್ಚು ಕೌನ್ಸಿಲ್ ಮನೆಗಳು ಎದ್ದಿದ್ದವು. ಗ್ಲಾಸ್ಗೋದ ನೈಟ್ಸ್‌ವುಡ್ ಬಡಾವಣೆಯಂಥವು ಆ ಕಾಲದ ಸೃಷ್ಟಿ. ಅಗಲವಾದ ಬೀದಿ, ಮನೆಯ ಮುಂದೊಂದು ಹಿಂದೊಂದು ತೋಟ, ಒಳಗೆ ಬಿಸಿನೀರು.

ಆದರೆ ಆ ಮನೆಗಳಿಗೆ ಹೋದವರು ಯಾರು? ಹೆಚ್ಚಾಗಿ ಗುಮಾಸ್ತರು, ಶಾಲಾ ಉಪಾಧ್ಯಾಯರು, ಕುಶಲ ಕಾರ್ಮಿಕರು, ಟ್ರಾಮು ನಡೆಸುವವರು. ತಿಂಗಳಾದರೆ ಖಚಿತವಾಗಿ ಸಂಬಳ ಬರುವವರು. ಸಹಾಯಧನ ಕಳೆದ ಮೇಲೂ ಉಳಿದ ಬಾಡಿಗೆ ದಿನಗೂಲಿಯವನಿಗೆ ಭಾರವೇ ಆಗಿತ್ತು. ಹೊಸ ಬಡಾವಣೆಗಳು ಊರ ಅಂಚಿನಲ್ಲಿದ್ದುದರಿಂದ ಕೆಲಸಕ್ಕೆ ಹೋಗಿಬರುವ ಖರ್ಚು ಬೇರೆ. ಬಾಡಿಗೆ ತಪ್ಪಿಸದವರನ್ನು ಆರಿಸಿಕೊಳ್ಳುವುದು ಕೌನ್ಸಿಲುಗಳಿಗೂ ಅನುಕೂಲವೇ. ಅನುಕೂಲಸ್ಥ ಕಾರ್ಮಿಕ ಹೊಸ ಮನೆಗೆ ಹೋದರೆ ಅವನು ಖಾಲಿ ಮಾಡಿದ ಎರಡು ಕೋಣೆ ಒಂಟಿ ಕೋಣೆಯವನಿಗೆ ದೊರೆಯುತ್ತದೆ ಎಂಬ ಸಮಾಧಾನದ ಮಾತಿತ್ತು. ಸ್ವಲ್ಪಮಟ್ಟಿಗೆ ಅದು ನಡೆದಿರಲೂಬಹುದು. ಆದರೆ ಲ್ಯಾನರ್ಕ್‌ಷೈರ್‌ನ ಸಾಲುಮನೆಯಲ್ಲಿ ವೀಟ್ಲಿ ಬಾಲ್ಯ ಕಳೆದಂಥ ಕುಟುಂಬಗಳು ಅವರ ಕಾಯಿದೆಯ ಮನೆಗಳ ಹೊಸ್ತಿಲು ತುಳಿದದ್ದು ಕಡಿಮೆ.

1929ರಲ್ಲಿ ಲೇಬರ್ ಪಕ್ಷ ಮತ್ತೆ ಅಧಿಕಾರಕ್ಕೆ ಬಂದಾಗ ಮ್ಯಾಕ್‌ಡೊನಾಲ್ಡ್ ಸಂಪುಟದಲ್ಲಿ ವೀಟ್ಲಿಯವರಿಗೆ ಸ್ಥಾನವಿರಲಿಲ್ಲ. ನಡುವಿನ ವರ್ಷಗಳಲ್ಲಿ ಅವರು ಪಕ್ಷದ ನಾಯಕತ್ವವನ್ನು ಎಡೆಬಿಡದೆ ಟೀಕಿಸಿದ್ದರು. ಹಿಂದಿನ ಸಾಲಿನಲ್ಲಿ ಕುಳಿತು ಟೀಕೆ ಮುಂದುವರಿಸಿದರು. 1930ರ ಮೇ 12ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅರವತ್ತೊಂದು ತುಂಬಲು ಒಂದು ವಾರ ಬಾಕಿ ಇತ್ತು. ಕೊಳೆಗೇರಿಯ ನಿವಾಸಿಗಳನ್ನೇ ನೇರವಾಗಿ ಹೊಸ ಮನೆಗೆ ಸೇರಿಸಲು ಸಹಾಯಧನ ಕೊಡುವ ಆರ್ಥರ್ ಗ್ರೀನ್‌ವುಡ್ ಅವರ ಮಸೂದೆ ಆಗ ಸಂಸತ್ತಿನ ಮುಂದಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಅದು ಕಾಯಿದೆಯಾಯಿತು.

ಗ್ಲಾಸ್ಗೋದಲ್ಲಿ ಕೌನ್ಸಿಲ್ ಮನೆಗಳು ಬೆಳೆಯುತ್ತ ಹೋಗಿ 1970ರ ದಶಕದ ಹೊತ್ತಿಗೆ ನಗರದ ಅರ್ಧಕ್ಕೂ ಹೆಚ್ಚು ಮನೆಗಳು ಆಡಳಿತದವೇ ಆಗಿದ್ದವು. 1980ರಲ್ಲಿ ಬಾಡಿಗೆದಾರರಿಗೆ ಮನೆಯನ್ನು ರಿಯಾಯಿತಿ ದರದಲ್ಲಿ ಕೊಳ್ಳುವ ಹಕ್ಕು ದೊರೆಯಿತು. ಸ್ಕಾಟ್ಲೆಂಡ್ ಆ ಹಕ್ಕನ್ನು 2016ರಲ್ಲಿ ಕೊನೆಗೊಳಿಸುವಷ್ಟರಲ್ಲಿ 5 ಲಕ್ಷದ ಹತ್ತಿರ ಹತ್ತಿರ ಮನೆಗಳು ಅಲ್ಲಿ ಮಾರಾಟವಾಗಿದ್ದವು. ಮಾರಿದಷ್ಟು ಮನೆಗಳನ್ನು ಮತ್ತೆ ಕಟ್ಟಲಿಲ್ಲ. 2003ರಲ್ಲಿ ಗ್ಲಾಸ್ಗೋ ನಗರಾಡಳಿತ ತನ್ನ ಬಳಿ ಉಳಿದಿದ್ದ ಸುಮಾರು 80 ಸಾವಿರ ಮನೆಗಳನ್ನು ಪ್ರತ್ಯೇಕ ವಸತಿ ಸಂಸ್ಥೆಯೊಂದಕ್ಕೆ ಹಸ್ತಾಂತರಿಸಿತು. ವೀಟ್ಲಿ ಸದಸ್ಯರಾಗಿದ್ದ ಕಾರ್ಪೊರೇಷನ್ನಿನ ಉತ್ತರಾಧಿಕಾರಿಯ ಕೈಯಲ್ಲಿ ಬಾಡಿಗೆಗೆ ಕೊಡಲು ಸ್ವಂತದ ಮನೆಗಳು ಉಳಿಯಲಿಲ್ಲ. ಆ ಮನೆಗಳನ್ನು ನೋಡಿಕೊಳ್ಳುವ ವಸತಿ ಸಮೂಹಕ್ಕೆ ಈಗಿರುವುದು ವೀಟ್ಲಿಯವರದೇ ಹೆಸರು. 2023ರ ನವೆಂಬರಿನಲ್ಲಿ, ನಿರ್ವಸಿತರಿಗೆ ಕೊಡಲು ಮನೆಗಳು ಸಾಲದೆ, ಗ್ಲಾಸ್ಗೋ ನಗರಾಡಳಿತ ವಸತಿ ತುರ್ತುಸ್ಥಿತಿಯನ್ನು ಘೋಷಿಸಿತು.